ಪಂಚಾಯ್ತಿ ಎಲೆಕ್ಷನ್‌ಗೆ ಅತ್ತಿಗೆನ ನಿಲ್ಲಿಸ್ಬೋದಾ?

ಮಲ್ನಾಡ್‌ಮಳೆ: ನಮ್ ವಾರ್ಡು ಈ ಸಲ ಮಹಿಳಾ ಮೀಸಲು ಆಗುತ್ತೆ ಅಂತಿದಾರೆ, ಅತ್ತಿಗೆ ಸ್ತ್ರೀಶಕ್ತಿ ಸಂಘದ ಲೆಕ್ಕ ಎಲ್ಲಾ ತಾನೇ ಬರೆಯೋದು, ನಿಲ್ತೀನಿ ಅಂತಾರೆ, ಆದ್ರೆ ಅಣ್ಣ "ನೀನ್ ಸೈನ್ ಹಾಕು ಸಾಕು, ಮೀಟಿಂಗ್‌ಗೆ ನಾನ್ ಹೋಗ್ತೀನಿ" ಅಂತಾನೆ. ಹಿಂಗ್ ನಡೆಯುತ್ತಾ?

ಕಟ್ಟೆಪುರಾಣ: ನಡೆಯಲ್ಲ ಗುರೂ, ಗೆದ್ದೋರೇ ಕೂರ್ಬೇಕು. ನಮ್ಮಲ್ಲಿ ಗ್ರಾಮ ಪಂಚಾಯ್ತಿ ಸೀಟಲ್ಲಿ ಅರ್ಧ ಹೆಂಗಸ್ರಿಗೆ. 1987ರ ಮಂಡಲ ಪಂಚಾಯ್ತಿ (ಈಗಿನ ಗ್ರಾಮ ಪಂಚಾಯ್ತಿಗೂ ಮುಂಚೆ ಇದ್ದಿದ್ದು) ಎಲೆಕ್ಷನ್‌ಗೇ 25% ಮೀಸಲಾತಿ ಇತ್ತು, ಇಡೀ ದೇಶಕ್ಕೆ ಮೂರನೇ ಒಂದು ಭಾಗ ಅಂತ ಬಂದಿದ್ದು 1993ರಲ್ಲಿ ಸಂವಿಧಾನದ 73ನೇ ತಿದ್ದುಪಡಿ ಜಾರಿಯಾದ್ಮೇಲೆ. ಇಷ್ಟ್ ವರ್ಷ ಆದ್ರೂ ನಿಮ್ಮಣ್ಣನಂಥೋರು ಕಮ್ಮಿ ಆಗಿಲ್ಲ ಬಿಡಿ 😄

ರೊಟ್ಟಿಚಟ್ನಿ: ನಾನೇ ಒಂದ್ಸಲ ಮೆಂಬರ್ ಆಗಿದ್ದೆ. ಮೊದಲ್ನೇ ಮೀಟಿಂಗಲ್ಲಿ ನನ್ ಕುರ್ಚಿ ಮೇಲೆ ನಮ್ಮನೆಯವ್ರು ಕೂತಿದ್ರು, ನಾನು ಬಾಗಿಲ ಹತ್ರ ನಿಂತಿದ್ದೆ! ಆಮೇಲಿಂದ ನಡಾವಳಿ ಪುಸ್ತಕ ಪೂರ್ತಿ ಓದಿನೇ ಸೈನ್ ಹಾಕ್ತಿದ್ದೆ, ಕ್ಲರ್ಕ್ ಗೊಣಗ್ತಿದ್ದ, ಗೊಣಗ್ಲಿ. ನಿಮ್ ಅತ್ತಿಗೆಗೆ ಲೆಕ್ಕ ಬರುತ್ತಲ್ಲ, ಬಿಲ್ ನೋಡೋಕೆ ಅದೇ ಬೇಕಾಗಿರೋದು.

ಮಲ್ನಾಡ್‌ಮಳೆ: ಥ್ಯಾಂಕ್ಸ್ ಅಕ್ಕಾ. ಯಾರಾದ್ರೂ ಹೆದರ್ಸಿದ್ರೆ?

ರೊಟ್ಟಿಚಟ್ನಿ: ಅರ್ಜೆಂಟಾದ್ರೆ 112, ಇಲ್ಲಾಂದ್ರೆ ಮಹಿಳಾ ಸಹಾಯವಾಣಿ 181. ಮೊದ್ಲು ಅಣ್ಣನಿಗೆ ಈ ಥ್ರೆಡ್ ತೋರ್ಸಿ.