ಸಹಾಯ ಬೇಕು: ಕಾಫಿ ತೋಟದ ನೆರಳಿನಲ್ಲಿ ಮುಖಕ್ಕೆ ಬರುವ ಹಸಿರು ಛಾಯೆ

ಗುಂಪಿನ ಹಿರಿಯ ಛಾಯಾಗ್ರಾಹಕರಿಗೆ ನಮಸ್ಕಾರ. ನಾನು ಚಿಕ್ಕಮಗಳೂರಿನ ಸುತ್ತಮುತ್ತ ಮದುವೆಗೆ ಮುಂಚಿನ ಹೊರಾಂಗಣ ಚಿತ್ರಗಳನ್ನು ತೆಗೆಯುತ್ತಿದ್ದು, ಬಣ್ಣದ ವಿಷಯದಲ್ಲಿ ತಮ್ಮ ಸಲಹೆ ಬೇಕಾಗಿದೆ.

ಸಿಲ್ವರ್ ಓಕ್ ಮರಗಳ ಕೆಳಗಿನ ಬೆಳಕು ಮೃದುವಾಗಿಯೇ ಇರುತ್ತದೆ. ಆದರೆ ಅದು ಎಲೆಗಳ ನಡುವೆ ಹಾದು, ಕಾಫಿ ಗಿಡಗಳಿಂದ ಪ್ರತಿಫಲಿಸಿ ಬರುವುದರಿಂದ ಗದ್ದದ ಕೆಳಗೂ ಕೆನ್ನೆಯ ಬದಿಗೂ ಹಸಿರು ಛಾಯೆ ಕೂರುತ್ತದೆ. ಬಣ್ಣದ ಅಳತೆಗೆಂದು ಬೂದು ಬಣ್ಣದ ಗ್ರೇ ಕಾರ್ಡ್ ಹಿಡಿದು ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣುವ ಹೊಂದಾಣಿಕೆ) ಹೊಂದಿಸಿ, ಕ್ಯಾಮೆರಾದ ಸಂಸ್ಕರಿಸದ ರಾ ಫೈಲಿನಲ್ಲಿ ಟಿಂಟ್ ಅನ್ನು ಹಸಿರಿನಿಂದ ಮೆಜೆಂಟಾ (ನೇರಳೆಗೆಂಪು) ಕಡೆಗೆ ಸರಿಸಿದರೆ ಗದ್ದವೇನೋ ಸರಿಹೋಗುತ್ತದೆ, ಆದರೆ ಆಕಾಶದ ಬೆಳಕು ನೇರವಾಗಿ ಬಿದ್ದ ಹಣೆ ಮತ್ತು ಬಿಳಿ ಪಂಚೆ ಗುಲಾಬಿಗೆ ತಿರುಗುತ್ತವೆ. ಇದಕ್ಕೆ ಮಾಸ್ಕ್ ಹಾಕಿ (ಚಿತ್ರದ ಆ ಭಾಗವನ್ನಷ್ಟೇ ಆರಿಸಿ) ತಿದ್ದುವುದೊಂದೇ ದಾರಿಯೇ, ಅಥವಾ ಬೆಳಕನ್ನು ಮುಖಕ್ಕೆ ತಿರುಗಿಸುವ ಬಿಳಿ ರಿಫ್ಲೆಕ್ಟರನ್ನೋ ಫ್ಲಾಶನ್ನೋ ಬಳಸಿ ಸ್ಥಳದಲ್ಲೇ ತಡೆಯಬಹುದೇ? ಚಿನ್ನದ ಬಣ್ಣದ ರಿಫ್ಲೆಕ್ಟರ್ ನನಗೆ ಹಿಡಿಸದು. ಜೋಡಿ ಅರಿಶಿನ ಶಾಸ್ತ್ರದಿಂದ ಎದ್ದುಬಂದಂತೆ ಕಾಣುತ್ತದೆ.

ಸುಮಾರು 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿಯಲ್ಲಿ ತೊಡಕು ಬೇರೆ. ಕಿರಿದಾದ ನೋಟದ 85 ಎಂಎಂ ಲೆನ್ಸಿನಲ್ಲಿ ಬೆಟ್ಟಸಾಲಿನ ಹರವು ಸಿಗುವುದಿಲ್ಲ. ಅಗಲ ನೋಟದ 35 ಎಂಎಂನಲ್ಲಿ ದಿಗಂತದ ರೇಖೆ ಸರಿಯಾಗಿ ಕುತ್ತಿಗೆಯ ಮೇಲೆ ಹಾಯುತ್ತದೆ. ಕ್ಯಾಮೆರಾ ತಗ್ಗಿಸಿದರೆ ರೇಖೆ ಇಳಿಯುತ್ತದೆ, ಗದ್ದ ದಪ್ಪವಾಗುತ್ತದೆ. ಅಲ್ಲಿ ಜೋಡಿಯನ್ನು ಕೂರಿಸುವುದು ಒಳ್ಳೆಯದೋ, ಇಳಿಜಾರಿನಲ್ಲಿ ಮೇಲೆ ಕೆಳಗೆ ನಿಲ್ಲಿಸುವುದೋ, ಮತ್ತು ಗಾಳಿಗೆ ಹಾರುವ ಸೆರಗಿನ ನಡುವೆ ಕೈಗಳಿಗೆ ಯಾವ ಕೆಲಸ ಕೊಡುತ್ತೀರಿ ಎಂಬುದನ್ನು ದಯವಿಟ್ಟು ತಿಳಿಸಿ.