ಟಿಓಎಫ್ ರೇಶಿಯೊ 112 ತೋರಿಸುತ್ತೆ, ಪೇಷಂಟ್ ತಲೆ ಎತ್ತಲ್ಲ! ಸೆನ್ಸರ್ ಹೋಯ್ತಾ?

ಪಿಜಿ_ಎರಡನೇವರ್ಷ: ಅರಿವಳಿಕೆಯಲ್ಲಿ ಕೊಟ್ಟ ರಿಲಾಕ್ಸಂಟ್ (ಸ್ನಾಯು ಸಡಿಲಿಸೋ ಔಷಧ) ಇಳಿದಿದೆಯಾ ಅಂತ ನೋಡೋ ಈ ಆಕ್ಸಿಲರೋಮಯೋಗ್ರಫಿ ಡಬ್ಬದ ಸಹವಾಸ ಸಾಕಾಗಿದೆ. ನರಕ್ಕೆ ನಾಲ್ಕು ಸಲ ಕರೆಂಟ್ ಕೊಟ್ಟು, ನಾಲ್ಕನೇ ಟ್ವಿಚ್ (ಸ್ನಾಯುವಿನ ಸೆಳೆತ) ಮೊದಲನೆಯದರ ಶೇಕಡ ಎಷ್ಟು ಅಂತ ಹೇಳೋದೇ ಈ ಟಿಓಎಫ್ ರೇಶಿಯೊ. ಓಟಿಯಲ್ಲಿ ರೇಶಿಯೊ 112 ಬಂತು, ಟ್ಯೂಬ್ ತೆಗೆದೆ. ರಿಕವರಿಯಲ್ಲಿ ಹತ್ತೇ ನಿಮಿಷಕ್ಕೆ ಸ್ಯಾಚುರೇಷನ್ 88, ತಲೆ ಎತ್ತೋಕೂ ಶಕ್ತಿ ಇಲ್ಲ. ಮಾಸ್ಕ್ ಹಿಡಿದು ಸಂಭಾಳಿಸಿದ್ವಿ, ಈಗ ಆರಾಮಾಗಿದ್ದಾರೆ. ಎಲೆಕ್ಟ್ರೋಡ್ ಹೊಸದು, ಬ್ಯಾಟರಿ ಫುಲ್. ಸೆನ್ಸರ್ ಬದಲಾಯಿಸ್ಲಾ?

ಬೇಸ್‌ಲೈನ್_ಭಟ್ಟ: ರಿಲಾಕ್ಸಂಟ್ ಕೊಡೋ ಮುಂಚೆ ಕ್ಯಾಲಿಬ್ರೇಟ್ ಮಾಡಿಲ್ಲ ನೀವು, ಬರೆದಿಟ್ಟುಕೊಳ್ಳಿ. ಈ ಯಂತ್ರದಲ್ಲಿ ಬೇಸ್‌ಲೈನೇ 100 ದಾಟೋದುಂಟು. 115ರಿಂದ ಶುರುವಾದ್ರೆ, ಕೊನೆಗೆ ಕಾಣೋ 90 ಅಂದ್ರೆ ನಿಜಕ್ಕೆ 78.

ಪಿಜಿ_ಎರಡನೇವರ್ಷ: ಮಾಡಿದ್ದೆ ಸರ್. 104 ಇತ್ತು.

ಬೇಸ್‌ಲೈನ್_ಭಟ್ಟ: ಹಾಗಾದ್ರೆ ಸರಿಯಾಗಿ ಮಾಡಿಲ್ಲ.

ಧಾರವಾಡ್_ಗ್ಯಾಸ್: ಕೈ ತಣ್ಣಗಿತ್ತೇನ್ರೀ? 32 ಡಿಗ್ರಿಗಿಂತ ಕೆಳಗ ಇಳಿದ್ರ ಟ್ವಿಚ್ ಸಣ್ಣದಾಗ್ತದ.

ಇಎಂಜಿ_ರಾಜ: ನಾವು ಇಎಂಜಿಗೆ (ಚಲನೆ ಬಿಟ್ಟು ಸ್ನಾಯುವಿನ ವಿದ್ಯುತ್ ಅಳೆಯೋ ಮಾನಿಟರ್) ಬದಲಾಗಿ ವರ್ಷವಾಯ್ತು. ಹೆಬ್ಬೆರಳು ಬಿಡುವಾಗಿ ಆಡಬೇಕು ಅನ್ನೋ ಗೋಳೇ ಇಲ್ಲ. ಜೊತೆಗೆ ರಿವರ್ಸಲ್‌ಗೆ, ಅಂದ್ರೆ ರಿಲಾಕ್ಸಂಟ್ ಇಳಿಸೋಕೆ, ಎಲ್ಲರಿಗೂ ಸುಗಮಡೆಕ್ಸ್. ನಿಯೋಸ್ಟಿಗ್ಮಿನ್ ಇನ್ನೂ ಯಾರು ಕೊಡ್ತಾರೆ?

ಧಾರವಾಡ್_ಗ್ಯಾಸ್: ರೊಕ್ಕ ನೀವು ಕೊಡ್ತೀರೇನು? ರಿಲಾಕ್ಸಂಟ್ ಅಟ್ರಾಕ್ಯುರಿಯಂ ಆಗಿದ್ರ ನಿಮ್ಮ ಸುಗಮಡೆಕ್ಸೂ ನೀರೂ ಒಂದ. ಹುಡುಗ ಯಾವ ಔಷಧ ಅಂತನ ಹೇಳಿಲ್ಲ ಇನ್ನೂ.

ಪಿಜಿ_ಎರಡನೇವರ್ಷ: ವೆಕ್ಯುರೋನಿಯಂ. ನಿಯೋಸ್ಟಿಗ್ಮಿನ್ 2.5 ಮಿ.ಗ್ರಾಂ, ಗ್ಲೈಕೋಪಿರೊಲೇಟ್ ಜೊತೆ. ಲ್ಯಾಪ್ (ಲ್ಯಾಪರೋಸ್ಕೋಪಿ) ಕೇಸು, ಎರಡೂ ಕೈ ಡ್ರೇಪ್ (ಹೊದಿಕೆ ಬಟ್ಟೆ) ಒಳಗೆ ಕಟ್ಟಿತ್ತು, ಅದಕ್ಕೇ ಸೆನ್ಸರ್ ಹುಬ್ಬಿನ ಮೇಲೆ. ರಿಕವರಿಯಲ್ಲಿ ಅದನ್ನೇ ಹೆಬ್ಬೆರಳಿಗೆ ಹಾಕಿ 30 ಮಿಲಿಆಂಪ್ ಕೊಟ್ರೆ 58! ಕೆಟ್ಟಿರೋದು ಖಾತ್ರಿ ತಾನೆ?

ಮಲೆನಾಡಮ್ಮ: ಅಯ್ಯೋ ಮಾರಾಯ, ಇದನ್ನ ಮೊದಲನೇ ಸಾಲಲ್ಲೇ ಹೇಳೋದಲ್ವಾ! ಸೆನ್ಸರ್ ಎರಡೂ ಸಲ ನಿಜಾನೇ ಹೇಳಿರಬೇಕು. ಹುಬ್ಬಿನ ಸ್ನಾಯು ರಿಲಾಕ್ಸಂಟಿಗೆ ಅಷ್ಟು ಸುಲಭಕ್ಕೆ ಬಗ್ಗಲ್ಲ, ಹೆಬ್ಬೆರಳಿಗಿಂತ ಎಷ್ಟೋ ಮುಂಚೆ ಎಚ್ಚರಾಗುತ್ತೆ. ಗಂಟಲಿನ ಸ್ನಾಯುಗಳು ಕೊನೇವರೆಗೂ ಸುಸ್ತು. ಸಾಲದ್ದಕ್ಕೆ ಅಲ್ಲಿ ಕರೆಂಟ್ ನರ ಬಿಟ್ಟು ನೇರ ಸ್ನಾಯುವನ್ನೇ ಕುಣಿಸೋ ಅಪಾಯ ಬೇರೆ. ಆಪರೇಷನ್ ಮುಗಿದ ತಕ್ಷಣ ಡ್ರೇಪ್ ಸರಿಸಿ ಕೈ ಹೊರಗೆ ತೆಗಿ, ಮಣಿಕಟ್ಟಿನ ಅಲ್ನಾರ್ ನರದ ಮೇಲೆ ಎಲೆಕ್ಟ್ರೋಡ್ ಹಾಕು, ಕಪ್ಪು ವೈರ್ ಬೆರಳಿನ ಕಡೆಗೆ. ಅಲ್ಲಿ ರೇಶಿಯೊ 0.9 (ನಿನ್ನ ಡಬ್ಬದಲ್ಲಿ 90) ಬರೋವರೆಗೆ ಟ್ಯೂಬ್ ಮುಟ್ಟಬೇಡ. ರಿವರ್ಸಲ್ ಕೊಡುವಾಗ ಕೈಯಲ್ಲಿ ಎಷ್ಟು ಟ್ವಿಚ್ ಇತ್ತು?

ಪಿಜಿ_ಎರಡನೇವರ್ಷ: ಕೈಯಲ್ಲಿ ನೋಡಿಲ್ಲ ಮೇಡಂ. ಹುಬ್ಬಲ್ಲಿ ನಾಲ್ಕೂ ಇತ್ತು.

ಬೇಸ್‌ಲೈನ್_ಭಟ್ಟ: 104 ಅನ್ನೋದನ್ನ ನಾನು ಈಗಲೂ ನಂಬಲ್ಲ.

ಇಎಂಜಿ_ರಾಜ: ನಮ್ಮ ಓಟಿ ಫೋಟೊ ಹಾಕ್ಲಾ? ಆರು ಟೇಬಲ್, ಆರು ಮಾನಿಟರ್.

ಪಿಜಿ_ಎರಡನೇವರ್ಷ: ಸೆನ್ಸರ್ ಬೆಳಿಗ್ಗೇನೇ ರಿಪೇರಿಗೆ ಕೊರಿಯರ್ ಮಾಡಿಬಿಟ್ಟೆ. ನಾಳೆ ಮೂರು ಲ್ಯಾಪ್ ಕೇಸಿದೆ. ಬರೀ ಸ್ಟಿಮ್ಯುಲೇಟರ್ (ಕರೆಂಟ್ ಕೊಡೋ ಯಂತ್ರ) ಇಟ್ಟು ಟ್ವಿಚ್ ಕಣ್ಣಲ್ಲಿ ನೋಡಿದ್ರೆ ನಡೆಯುತ್ತಾ?

ಮಲೆನಾಡಮ್ಮ: ರೇಶಿಯೊ 0.4 ದಾಟಿದ ಮೇಲೆ ಫೇಡ್ (ಟ್ವಿಚ್ ಒಂದರ ನಂತರ ಒಂದು ಕುಗ್ಗೋದು) ಯಾರ ಕಣ್ಣಿಗೂ ಕಾಣಲ್ಲ. ಪಕ್ಕದ ಓಟಿಯಿಂದ ಒಂದು ಮಾನಿಟರ್ ಕಡ ತಗೋ.