ಲಗ್ನಪತ್ರಿಕೆಯ ಇಂಗ್ಲಿಷ್ ಬದಿಯಲ್ಲಿ ‘ಇನ್ವೈಟ್’ ಪದವನ್ನು ಹೇಗೆ ಬಳಸಬೇಕು?

ಪ್ರಶ್ನೆ (ಸಾಗರದಿಂದ)

ಎಲ್ಲರಿಗೂ ನಮಸ್ಕಾರ. ಸಾಗರದಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. ಲಗ್ನಪತ್ರಿಕೆ, ಗೃಹಪ್ರವೇಶದ ಕಾರ್ಡುಗಳೇ ಮುಖ್ಯ ಕೆಲಸ. ಮಕ್ಕಳು ಹೊರಗಿರುವ ಮನೆಯವರು ಈಗ ಒಂದು ಬದಿಗೆ ಕನ್ನಡ, ಇನ್ನೊಂದು ಬದಿಗೆ ಇಂಗ್ಲಿಷ್ ಕೇಳುತ್ತಾರೆ. ಕಳೆದ ವಾರ ಅಂಥದೊಂದು ಪ್ರೂಫ್ ಮೂರು ಸಲ ಹಿಂದಕ್ಕೆ ಬಂತು. ನಾನು ಮೇಲೆ ‘ವೆಡ್ಡಿಂಗ್ ಇನ್ವೈಟ್’ ಎಂದು ಹಾಕಿದ್ದೆ. ಹುಡುಗಿಯ ಅಣ್ಣ ಅದನ್ನು ‘ಇನ್ವಿಟೇಶನ್’ ಮಾಡಿಸಿದರು. ಕೆಳಗಿದ್ದ ‘ಇನ್ವೈಟ್ ಯು ಫಾರ್ ದ ಮ್ಯಾರೇಜ್’ ಎಂಬುದನ್ನು ಚಿಕ್ಕಪ್ಪ ಕೆಂಪು ಶಾಯಿಯಲ್ಲಿ ‘ಟು ದ ವೆಡ್ಡಿಂಗ್’ ಎಂದು ತಿದ್ದಿದರು. ಮರುದಿನ ತಂದೆಯವರು ಬಂದು ‘ಫಾರ್’ ಎಂಬುದೇ ಇರಲಿ ಎಂದರು. ನಾಲ್ಕು ಮೂಲೆಗೆ ಅರಿಶಿನ ಹಚ್ಚಿ ದೇವರ ಮುಂದಿಡುವ ಕಾಗದದಲ್ಲಿ ತಪ್ಪು ಉಳಿಯಬಾರದೆಂಬುದು ನನ್ನ ಆಸೆ. ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ 1 (ಶಿವಮೊಗ್ಗದಿಂದ)

ನಾನು ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತನಾದವನು. ಅಣ್ಣ, ಚಿಕ್ಕಪ್ಪ ಇಬ್ಬರೂ ಸರಿಯಾಗಿಯೇ ತಿದ್ದಿದ್ದಾರೆ. ‘ಇನ್ವೈಟ್’ ಮೂಲತಃ ಕ್ರಿಯಾಪದ, ಅಂದರೆ ಕರೆಯುವುದು. ಕರೆಯೋಲೆಗೆ ‘ಇನ್ವಿಟೇಶನ್’ ಎನ್ನಬೇಕು. ಹಾಗೆಂದು ‘ಇನ್ವೈಟ್’ ಅನ್ನು ನಾಮಪದವಾಗಿ ಬಳಸುವುದು ಮೊಬೈಲ್ ಕಾಲದ ಕೆಡುಕು ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. 17ನೆಯ ಶತಮಾನದಿಂದಲೂ ಆ ಬಳಕೆ ಇದೆ; ಆದರೆ ನಿಘಂಟುಗಳು ಅದನ್ನು ಇಂದಿಗೂ ಆಡುಮಾತಿನದೆಂದೇ ಗುರುತಿಸುತ್ತವೆ. ವಾಟ್ಸ್ಆ್ಯಪ್ ಸಂದೇಶಕ್ಕೆ ಅದು ಸಲ್ಲುತ್ತದೆ, ಲಗ್ನಪತ್ರಿಕೆಯ ತಲೆಬರಹಕ್ಕೆ ಸಲ್ಲದು. ಉಚ್ಚಾರದಲ್ಲಿಯೂ ವ್ಯತ್ಯಾಸವಿದೆ: ಕ್ರಿಯಾಪದವಾದಾಗ ಒತ್ತು ‘ವೈಟ್’ ಮೇಲೆ, ನಾಮಪದವಾದಾಗ ‘ಇನ್’ ಮೇಲೆ ಬೀಳುತ್ತದೆ.

ಸಮಾರಂಭದ ಹೆಸರಿನ ಹಿಂದೆ ‘ಟು’ ಬರಬೇಕು. ಊಟಕ್ಕೆ ಕರೆಯುವಾಗ ‘ಟು ಡಿನ್ನರ್’, ‘ಫಾರ್ ಡಿನ್ನರ್’ ಎರಡೂ ನಡೆಯುತ್ತವೆ. ಸಂದರ್ಶನಕ್ಕೆ ಕರೆದರೆ ‘ಫಾರ್’ ರೂಢಿಯಲ್ಲಿದೆ. ನಮ್ಮಲ್ಲಿ ಮದುವೆಗೆ, ಊಟಕ್ಕೆ, ಸಂದರ್ಶನಕ್ಕೆ ಎಂದು ಎಲ್ಲದಕ್ಕೂ ಒಂದೇ ವಿಭಕ್ತಿ ಸಾಕಾಗುವುದರಿಂದಲೇ ಈ ಗೊಂದಲ ಹುಟ್ಟುತ್ತದೆ. ‘ಮ್ಯಾರೇಜ್’ ಎಂದರೆ ಮುಖ್ಯವಾಗಿ ದಾಂಪತ್ಯ. ಅಂದಿನ ಸಮಾರಂಭಕ್ಕೆ ‘ವೆಡ್ಡಿಂಗ್’ ಎನ್ನುವುದೇ ವಾಡಿಕೆ.

ಇದಕ್ಕಿಂತ ದೊಡ್ಡ ತಪ್ಪೊಂದನ್ನು ನಾನು ಮಕ್ಕಳ ಉತ್ತರಪತ್ರಿಕೆಗಳಲ್ಲಿ ವರ್ಷವರ್ಷವೂ ತಿದ್ದಿದ್ದೇನೆ. ‘ಮದುವೆಗೆ ಕರೆದಿದ್ದಾರೆ’ ಎಂಬುದನ್ನು ಅವರು ‘ದೇ ಕಾಲ್ಡ್ ಮಿ’ ಎಂದು ಬರೆಯುತ್ತಿದ್ದರು. ಕನ್ನಡದ ‘ಕರೆ’ ಅಂಗಳದಲ್ಲಿ ನಿಂತು ಕೂಗುವುದಕ್ಕೂ ಆಗುತ್ತದೆ, ಅಕ್ಷತೆ ಕೊಟ್ಟು ಹೇಳುವುದಕ್ಕೂ ಆಗುತ್ತದೆ. ಇಂಗ್ಲಿಷಿನವರು ಮಾತ್ರ ‘ಕಾಲ್ಡ್’ ಎಂದೊಡನೆ ಫೋನ್ ಮಾಡಿದರೆಂದೇ ತಿಳಿಯುತ್ತಾರೆ.

ಉತ್ತರ 2 (ತೀರ್ಥಹಳ್ಳಿಯಿಂದ)

ಮೇಷ್ಟ್ರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. ‘ಇನ್ವೈಟ್’ ಪದಕ್ಕೆ ಬೇಡದ್ದನ್ನು ತಾನಾಗಿ ಬರಮಾಡಿಕೊಳ್ಳುವುದು ಎಂಬ ಅರ್ಥವೂ ಇದ್ದು, ‘ಇನ್ವೈಟ್ ಟ್ರಬಲ್’ ಎನ್ನುವುದು ಹೀಗೆಯೇ. ಅದನ್ನು ‘ತೊಂದರೆಯನ್ನು ಆಹ್ವಾನಿಸು’ ಎಂದು ಕನ್ನಡಕ್ಕೆ ತರುವುದನ್ನು ಕಂಡಾಗ ನನಗೆ ಬೇಸರವಾಗುತ್ತದೆ, ಏಕೆಂದರೆ ನಮ್ಮ ಮಾತು ನಮ್ಮಲ್ಲೇ ಇದೆ. ಮಳೆಗಾಲಕ್ಕೆ ಮೊದಲು ಅಡಿಕೆಗೊನೆಗೆ ಬೋರ್ಡೋ ದ್ರಾವಣ ಹೊಡೆಸದವನು ಕೊಳೆರೋಗವನ್ನು ‘ಮೈಮೇಲೆ ಎಳೆದುಕೊಂಡ’ ಎನ್ನುತ್ತೇವೆ. ಹಣ್ಣಾದ ಬಾಳೆಗೊನೆಯನ್ನು ತೋಟದಲ್ಲೇ ಬಿಟ್ಟರೆ ‘ಮಂಗನನ್ನು ಕರೆದ ಹಾಗೆ’ ಎನ್ನುತ್ತೇವೆ.

ಉತ್ತರ 3 (ಶೃಂಗೇರಿಯಿಂದ)

ಕನ್ನಡದ ಬದಿಯ ಬಗ್ಗೆಯೂ ಒಂದು ಸೂಚನೆ. ಆಮಂತ್ರಣ, ನಿಮಂತ್ರಣ ಎರಡನ್ನೂ ನಾವು ಒಂದೇ ಎಂಬಂತೆ ಬಳಸುತ್ತೇವೆ. ಆದರೆ ಪಾಣಿನಿಯ ಸೂತ್ರವೊಂದು ಅವೆರಡನ್ನೂ ಬೇರೆ ಬೇರೆಯಾಗಿ ಎಣಿಸುತ್ತದೆ. ಶ್ರಾದ್ಧದ ಊಟಕ್ಕೆ ಕರೆಯುವಂಥದ್ದು ನಿಮಂತ್ರಣ, ಅದನ್ನು ನಿರಾಕರಿಸುವಂತಿಲ್ಲ; ಬರುವುದನ್ನೂ ಬಿಡುವುದನ್ನೂ ಕರೆಸಿಕೊಂಡವರ ಇಚ್ಛೆಗೆ ಬಿಟ್ಟರೆ ಅದು ಆಮಂತ್ರಣ ಎಂದು ವೈಯಾಕರಣರು ವಿವರಿಸುತ್ತಾರೆ. ಬರಲಾಗದು ಎನ್ನುವ ಸ್ವಾತಂತ್ರ್ಯವನ್ನು ಉಳಿಸಿಕೊಟ್ಟೇ ಕರೆಯುವ ‘ಇನ್ವೈಟ್’ ಆಮಂತ್ರಣಕ್ಕೆ ಹತ್ತಿರದ್ದು.

ಪ್ರಶ್ನೆ ಕೇಳಿದವರು (ಸಾಗರದಿಂದ)

ಮೂವರಿಗೂ ಕೃತಜ್ಞತೆಗಳು. ತಲೆಬರಹಕ್ಕೆ ‘ವೆಡ್ಡಿಂಗ್ ಇನ್ವಿಟೇಶನ್’, ಒಳಗೆ ‘ಕಾರ್ಡಿಯಲಿ ಇನ್ವೈಟ್ ಯು ಟು ದ ವೆಡ್ಡಿಂಗ್’ ಎಂದು ಹಾಕಿದ್ದೇನೆ. ತಂದೆಯವರಿಗೆ ಮೇಷ್ಟ್ರ ವಿವರಣೆಯನ್ನು ಓದಿ ಹೇಳಿದೆ, ಒಪ್ಪಿದರು. ಕನ್ನಡದ ಬದಿಯಲ್ಲಿ ಮೊದಲಿನಿಂದಲೂ ‘ಆಮಂತ್ರಣ’ ಎಂದೇ ಇತ್ತು; ಅದನ್ನು ಮುಟ್ಟಲಿಲ್ಲ.